ಹಾಲಮ್ಮನನ್ನು ಯಾರೂ ಕೇಳಿರಲಿಲ್ಲ

ದಾವಣಗೆರೆಯ ಬಾಡಿಗೆ ಕೋಣೆಯಲ್ಲಿ ನನ್ನ ಮೊದಲ ಬೆಳಗ್ಗೆ ನಾನು ಎಚ್ಚರಗೊಂಡದ್ದು ಹೊಡೆತದ ಸದ್ದಿಗೆ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಗೋಡೆಯಾಚೆ, ಮನೆಯೊಡತಿಯ ಅಡಿಗೆಮನೆಯಲ್ಲಿ, ಯಾರೋ ಯಾರನ್ನೋ ಅಂಗೈಯಿಂದ ಬಡಿಯುತ್ತಿದ್ದರು. ತಟ್, ತಟ್, ತಟ್. ಹೊಡೆಸಿಕೊಳ್ಳುವವಳು ಉಸಿರೆತ್ತುತ್ತಿರಲಿಲ್ಲ. ಆ ಮನೆಯಲ್ಲಿ ಇದ್ದವರು ಇಬ್ಬರೇ: ಮನೆಯೊಡತಿ ಕೊಟ್ರಮ್ಮ, ಮತ್ತು ಗಂಡ ಸತ್ತು ತವರಿಗೆ ಬಂದಿದ್ದ ಮಗಳು ಹಾಲಮ್ಮ. ಹೆತ್ತ ತಾಯಿಯೇ ಮಗಳನ್ನು ಹೀಗೆ ಬಡಿಯುತ್ತಾಳಲ್ಲ ಎಂದುಕೊಳ್ಳುವಷ್ಟರಲ್ಲಿ ಎದುರು ಮನೆಯಿಂದಲೂ ಅದೇ ಸದ್ದು, ಹಿಂದಿನ ಮನೆಯಿಂದಲೂ ಅದೇ. ಬೀದಿಗೆ ಬೀದಿಯೇ ಸೂರ್ಯ ಹುಟ್ಟುವ ಮೊದಲು ಹೆಣ್ಣುಮಕ್ಕಳನ್ನು ಹೊಡೆಯುವ ಊರಿಗೆ ಬಂದೆನೇ ಎಂದು ಮೈಯೆಲ್ಲ ಉರಿಯಿತು. ಬಿ.ಎ. ಮಾಡಿದ ಬಿಸಿ ಇನ್ನೂ ಆರದ ದಿನಗಳು. ಸೆರಗು ಬಿಗಿದು ಹೋಗಿ ಅಡಿಗೆಮನೆಯ ಬಾಗಿಲು ದಬದಬ ಬಡಿದೆ. "ನಿಲ್ಲಿಸಿ! ಅವಳ ಮೇಲೆ ಕೈ ಮಾಡಬೇಡಿ!"

ಬಾಗಿಲು ತೆರೆಯಿತು. ಒಲೆಯ ಮುಂದೆ ಹಾಲಮ್ಮ ಕುಳಿತಿದ್ದಳು. ಮೊಣಕೈವರೆಗೆ ಹಿಟ್ಟು. ಅವಳ ಮುಂದಿನ ಹಲಗೆಯ ಮೇಲೆ ಜೋಳದ ರೊಟ್ಟಿಯೊಂದು ಚಂದ್ರನ ಹಾಗೆ ದುಂಡಗಾಗುತ್ತಿತ್ತು.

"ಯಾರನ್ನ ಹೊಡಿಬ್ಯಾಡಂತೀರಿ ಅಕ್ಕೋರೆ?" ಎಂದರು ಕೊಟ್ರಮ್ಮ. "ರೊಟ್ಟಿನಾ?"

ಹಾಲಮ್ಮ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಆ ಮನೆಗೆ ವಾಪಸು ಬಂದ ಮೇಲೆ ನಕ್ಕದ್ದು ಅದೇ ಮೊದಲು ಎಂದು ಆಮೇಲೆ ಕೊಟ್ರಮ್ಮ ನನಗೆ ಹೇಳಿದರು. ಮಧ್ಯಾಹ್ನದೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ರೊಟ್ಟಿಯನ್ನು ಬಿಡಿಸಲು ಬಂದ ಅಕ್ಕೋರು ಎಂದು ಹೆಂಗಸರು ನೀರು ತರುವಾಗ ನನ್ನ ಕಿಟಕಿಗೆ ಇಣುಕಿ ಹೋದರು. ಈ ಕಡೆ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಅಕ್ಕನವರು ಎಂಬುದು ಬಾಯಲ್ಲಿ ಸವೆದು ಹಾಗಾದದ್ದು.

ನಾನು ತಿರುಮಕೂಡಲು ನರಸೀಪುರದ ಕಡೆಯವಳು, ಕುಂಬಾರರ ಮಗಳು. ನಮ್ಮಲ್ಲಿ ಮುದ್ದೆ ಕಟ್ಟುವಾಗ ಸದ್ದಾಗುವುದಿಲ್ಲ. ಹಿಟ್ಟು ತಿರುವುವ ಅಮ್ಮನ ಏದುಸಿರು ಕೇಳುತ್ತದೆ, ಅಷ್ಟೇ. ನಮ್ಮ ವಂಶದಲ್ಲಿ ನನಗಿಂತ ಮೊದಲು ಪದವಿ ಪಡೆದವರು ಯಾರೂ ಇಲ್ಲ, ಗಂಡಸರೂ ಇಲ್ಲ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಉಚಿತ ಹಾಸ್ಟೆಲಿನ ನೀರುಸಾರು ಉಂಡು, ಪಕ್ಕದವರ ಪುಸ್ತಕ ಬೇಡಿ ಅವರು ಮಲಗಿದಾಗ ಓದಿ ಗಳಿಸಿದ್ದು ಅದು. ಕನ್ನಡನಾಡು ಒಂದಾಗಿ ಎರಡು ವರ್ಷವಾಗಿದ್ದಾಗ ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನನಗೆ ಕೆಲಸ ಸಿಕ್ಕಿತು.

ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಮದುವೆಯಾಗದ ಹೆಣ್ಣು ಒಬ್ಬಳೇ ಬಂದು ಬಾಡಿಗೆಗೆ ಕೋಣೆ ಕೇಳಿದರೆ ಮೈಸೂರಿನಲ್ಲಾದರೆ ಒಳಗೊಳಗೇ ಯೋಚಿಸಿ ನಯವಾಗಿ ಇಲ್ಲ ಎನ್ನುತ್ತಾರೆ. ಇಲ್ಲಿಯವರು ಎದುರಿಗೇ ಕೇಳುತ್ತಾರೆ. "ಗಂಡ ಎಲ್ಲಿರ್ತಾರ್ರಿ? ಇಲ್ವಾ? ಯಾಕ?" ಒಬ್ಬ ಬಟ್ಟೆ ವ್ಯಾಪಾರಿಯಂತೂ ಮಾಂಸ ತಿನ್ನುತ್ತೀರೋ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದ: "ನೀವು ಆ ಸ್ತ್ರೀಸ್ವಾತಂತ್ರ್ಯದೋರೇನು? ಹಂಗಿದ್ರೆ ಬ್ಯಾಡ್ರಿ. ಮನ್ಯಾಗೆ ಸೊಸೆದೇರು ಅದಾರೆ."

ಕಾಲೇಜಿನಲ್ಲಿ ಆ ಹೆಸರನ್ನು ನಾನಾಗಿ ಹೇಳಿಕೊಂಡು ತಿರುಗಿದವಳು ನಾನು. ಅವತ್ತು "ಛೆ, ನಾನಂಥವಳಲ್ಲ" ಎಂದೆ. ಹಾಗೆಂದ ಮೇಲೂ ಅವನು ಮನೆ ಕೊಡಲಿಲ್ಲ.

ಕೊನೆಗೆ ಊರಂಚಿನ ಆನೆಕೊಂಡದಲ್ಲಿ ಕೊಟ್ರಮ್ಮ ಸಿಕ್ಕಿದರು. ಹತ್ತಿ ಗಿರಣಿಯ ಕೆಲಸಗಾರರಿಗೆ ರೊಟ್ಟಿ ಬಡಿದು ಕೊಟ್ಟು ಬದುಕುವ ವಿಧವೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ನೇರ ಮಾತು. ಯಾವ ಮಂದಿ ಎಂದು ಕೇಳಿದರು. ಕುಂಬಾರರು ಎಂದೆ. ಸ್ವಲ್ಪ ಹೊತ್ತು ನನ್ನ ಟ್ರಂಕನ್ನೇ ನೋಡಿದರು. "ನಿಮ್ಮಂಥೋರು ಮಾಡಿದ ಗಡಿಗ್ಯಾಗೇ ನಾವು ನೀರು ಕುಡಿಯೋದು. ಕುಡಿಯೋವಾಗ ಇಲ್ಲದ್ದು ಇರೋವಾಗ ಯಾಕ? ಮಾಂಸ ಮಾತ್ರ ಬ್ಯಾಡ. ಬರ್ರಿ, ಕೂಡ್ರಿ."

ಹೀಗೆ ನೆಲೆಯಾಯಿತು. ನಾಲಿಗೆ ನೆಲೆಯಾಗಲು ಇನ್ನೂ ಹೊತ್ತು ಹಿಡಿಯಿತು. ಊರಿನಲ್ಲಿ ನಾವು 'ಅದ' ಎನ್ನುತ್ತಿದ್ದೆವು; ಕಾಲೇಜಿನಲ್ಲಿ ಬೈಸಿಕೊಂಡು 'ಇದೆ' ಕಲಿತೆ; ಇಲ್ಲಿ ಎಲ್ಲವೂ 'ಐತೆ'. ತರಗತಿಯಲ್ಲಿ ನನ್ನ ಮೈಸೂರು ರಾಗಕ್ಕೆ ಹುಡುಗಿಯರು ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದರು. ನಮ್ಮ ಕಡ್ಲೆಪುರಿಯ ಪುರಿಗೆ ಇಲ್ಲಿ ಮಂಡಕ್ಕಿ ಎನ್ನುತ್ತಾರೆ. ನಮ್ಮಲ್ಲಿ ಅದು ಮಕ್ಕಳ ಕೈಗೆ ಕೊಡುವ ತಿಂಡಿ. ಇಲ್ಲಿ ಮರ್ಯಾದಸ್ಥ ವರ್ತಕರೂ ಸಂಜೆಯಾದರೆ ಖಾರ ಹಚ್ಚಿದ ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿ ಕಚ್ಚಿಕೊಂಡು ಕಣ್ಣೀರು ಸುರಿಸುತ್ತ ವ್ಯಾಪಾರ ಮಾತಾಡುತ್ತಾರೆ. ಗುರೆಳ್ಳಿನ ಪುಡಿ, ಎಣ್ಣೆ, ರೊಟ್ಟಿ ನನಗೆ ಮೂರನೆಯ ತಿಂಗಳಿಗೆ ಹಿಡಿಸಿತು. ಆದರೂ ಮಳೆ ಮೋಡ ಕವಿದ ದಿನ ಹೊಟ್ಟೆ ಬಸ್ಸಾರನ್ನೇ ಕೇಳುತ್ತಿತ್ತು.

ಶಾಲೆ ಬಿಟ್ಟ ಮೇಲಿನ ಎರಡು ಗಂಟೆಯೇ ಕಷ್ಟ. ಯಾರ ಮನೆಗೂ ಹೋಗುವಂತಿಲ್ಲ, ಯಾರೂ ಬರುವಂತಿಲ್ಲ. ಆ ಹೊತ್ತಿಗೆ ಹಾಲಮ್ಮ ಬರತೊಡಗಿದಳು. ಏಳನೆಯ ತರಗತಿಯವರೆಗೆ ಓದಿದ್ದಳು. ಹೊಸ್ತಿಲ ಮೇಲೆ ಕುಳಿತು ನನ್ನ ಹಳೆಯ ದಿನಪತ್ರಿಕೆ ಜೋರಾಗಿ ಓದುವಳು. ತಪ್ಪಿದರೆ ನಾನು ತಿದ್ದಬೇಕು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಹದಿನಾರಕ್ಕೆ ಹರಿಹರಕ್ಕೆ ಮದುವೆಯಾಗಿ ಹೋಗಿ, ಇಪ್ಪತ್ತಕ್ಕೆ ಬರಿ ಹಣೆಯಲ್ಲಿ ತಿರುಗಿ ಬಂದವಳು. ತನ್ನ ವಿಷಯ ಅವಳು ಎತ್ತುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ಅದನ್ನು ನಾನು ಸಭ್ಯತೆ ಎಂದುಕೊಂಡಿದ್ದೆ.

ಒಂದು ಭಾನುವಾರ ಹದಡಿಯಿಂದ ಕೊಟ್ರಮ್ಮನ ತಮ್ಮ ರುದ್ರಪ್ಪ ಬಂದ. ಒಕ್ಕಲುತನದ ಮನುಷ್ಯ, ಒಳ್ಳೆಯವನು, ಸೊಸೆಯ ಮೇಲೆ ಜೀವ ಇಟ್ಟುಕೊಂಡಿದ್ದವನು. ಅಕ್ಕನ ಮಗಳನ್ನು ಸೊಸೆ ಎನ್ನುವುದು ಎರಡು ಸೀಮೆಯಲ್ಲೂ ಒಂದೇ. ಅವನೂರಲ್ಲಿ ಹೆಂಡತಿ ಸತ್ತ ಒಬ್ಬ ಜಮೀನುದಾರನಿದ್ದ, ಎರಡು ಸಣ್ಣ ಮಕ್ಕಳು. ಹಾಲಮ್ಮನಿಗೆ ಅವನೊಡನೆ ಉಡಿಕೆ ಮಾಡಿಸೋಣ ಎಂಬುದು ಮಾತು. ಉಡಿಕೆ ಎಂದರೆ ಗಂಡ ಸತ್ತವಳಿಗೆ ಮತ್ತೊಂದು ಸಂಸಾರ ಕಟ್ಟಿಕೊಡುವ ಈ ಸೀಮೆಯ ಪದ್ಧತಿ. ಚಪ್ಪರವಿಲ್ಲ, ವಾದ್ಯವಿಲ್ಲ, ನಾಲ್ಕು ಹಿರಿಯರ ಎದುರು ಹೊಸ ಸೀರೆ ಉಡಿಸಿ ಕರೆದೊಯ್ಯುತ್ತಾರೆ. ಹಾಗೆ ಹೋದವಳು ಸಂಸಾರವನ್ನೇನೋ ಮಾಡಬಹುದು, ಮದುವೆ ಮನೆಯಲ್ಲಿ ಆರತಿ ಮಾತ್ರ ಹಿಡಿಯುವಂತಿಲ್ಲ.

ನಮ್ಮ ಕಡೆಯೂ ಕೂಡಿಕೆ ಎಂದು ಇಂಥದೇ ಇತ್ತಂತೆ. ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ. ನನಗೆ ಗೊತ್ತಿದ್ದದ್ದು ಪುಸ್ತಕದ ವಿಧವಾ ವಿವಾಹ.

"ಪ್ಯಾಟ್ಯಾಗಿನ ಓದಿದ ಮಂದಿ ಉಡಿಕೆ ಅಂದ್ರೆ ನಗ್ತಾರಂತೆ ಅಕ್ಕೋರೆ," ಎಂದ ರುದ್ರಪ್ಪ, ನನ್ನನ್ನು ಪಡಸಾಲೆಗೆ ಕರೆಸಿ. "ನೀವು ಹೇಳ್ರಿ. ಇದು ಕೆಟ್ಟದ್ದೇನು?"

ನನಗೆ ಅಷ್ಟು ಸಾಕಾಗಿತ್ತು. ಎದ್ದು ನಿಂತೇ ಮಾತಾಡಿದೆನೆಂದು ಕಾಣುತ್ತದೆ. ದೊಡ್ಡ ದೊಡ್ಡ ಸುಧಾರಕರು ಹೋರಾಡಿ ತರಲಾರದ್ದನ್ನು ನೀವು ಅಜ್ಜನ ಕಾಲದಿಂದ ಮಾಡಿಕೊಂಡು ಬಂದಿದ್ದೀರಿ, ಹೆಣ್ಣಿಗೂ ಬಾಳಿದೆ ಎಂದು ತೋರಿಸಿದವರು ನೀವು, ಇದೇ ನಿಜವಾದ ಸ್ತ್ರೀಸ್ವಾತಂತ್ರ್ಯ ಎಂದೆಲ್ಲ ಹೇಳಿದೆ. ಗೋಡೆಯಾಚೆ ರೊಟ್ಟಿಯ ಸದ್ದು ನಿಂತದ್ದು ಕೇಳಿಸಿತು. ಸಂತೋಷಕ್ಕೆ ನಿಂತಿತು ಎಂದುಕೊಂಡೆ.

ರುದ್ರಪ್ಪನ ಮುಖ ಅರಳಿತು. "ಬಿ.ಎ. ಓದಿದೋರೇ ಹಿಂಗಂದ ಮ್ಯಾಲೆ ಇನ್ನೇನೈತೆ? ಬರೋ ಸೋಮವಾರ ಬಿಟ್ಟು ಆಚೆ ಸೋಮವಾರ." ಕೊಟ್ರಮ್ಮನೂ ತಲೆಯಾಡಿಸಿದರು. ದಿನ ಗೊತ್ತಾಯಿತು. ನಾನು ಕೋಣೆಗೆ ಬಂದು ತಂದೆಗೆ ಕಾಗದ ಬರೆದೆ, ಇಲ್ಲಿ ನನ್ನ ಓದು ಸಾರ್ಥಕವಾಯಿತೆಂದು.

ಮಾರನೆಯ ಸಂಜೆ ಹಾಲಮ್ಮ ಪತ್ರಿಕೆ ಓದಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮದುವಣಗಿತ್ತಿಯ ನಾಚಿಕೆ ಎಂದುಕೊಂಡೆ. ನಾಲ್ಕನೆಯ ದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳ ಪಕ್ಕ ಹೋಗಿ ಕುಳಿತೆ. "ಏನು ಮದುಮಗಳೇ, ನಮ್ಮನ್ನೆಲ್ಲ ಮರೆತೆಯಾ?"

ಅವಳು ತಲೆ ಎತ್ತದೆ ಬೂದಿಯಿಂದ ತಿಕ್ಕುತ್ತಲೇ ಇದ್ದಳು.

"ಅಕ್ಕೋರೆ, ಒಂದು ಮಾತು ಕೇಳಲೇನು? ನಿಮ್ಮ ಸ್ತ್ರೀಸ್ವಾತಂತ್ರ್ಯದಾಗೆ ಹೆಣ್ಣನ್ನ ಕೇಳೋದು ಇರಂಗಿಲ್ಲೇನು?"

ತಿಕ್ಕಿದ ತಂಬಿಗೆಯನ್ನು ತೊಳೆದು ಬೋರಲಿಟ್ಟಳು.

"ಮೊದಲ್ನೇ ಸಲಾನೂ ಯಾರೂ ಕೇಳ್ಲಿಲ್ಲ. ಆವಾಗ ಮನ್ಯಾಗೆ ಓದಿದೋರು ಇರ್ಲಿಲ್ಲ, ಸಿಟ್ಟು ಬರ್ಲಿಲ್ಲ. ಈ ಸಲ ನೀವಿದ್ರಿ."

ಜೋರಾಗಿ ಅನ್ನಲಿಲ್ಲ. ಅತ್ತಿದ್ದರೂ ನನಗೆ ಹಗುರಾಗುತ್ತಿತ್ತು. ಮೊದಲ ದಿನವೇ ಕೇಳಬೇಕಾಗಿದ್ದ ಮಾತನ್ನು ಆಗ ಕೇಳಿದೆ. "ನಿನಗೆ ಏನು ಬೇಕು ಹಾಲಮ್ಮ?"

ತಡವಿಲ್ಲದೆ ಹೇಳಿದಳು. ಕೇಳಲಿ ಎಂದು ಎಷ್ಟು ದಿನದಿಂದ ಕಾದಿದ್ದಳೋ. ಗಂಡ ಹರಿಹರದ ಆಸ್ಪತ್ರೆಯಲ್ಲಿ ಮೂರು ವಾರ ಜ್ವರದಲ್ಲಿ ಮಲಗಿದ್ದಾಗ ಅಲ್ಲಿನ ನರ್ಸಮ್ಮ ಇವಳಿಗೆ ಥರ್ಮಾಮೀಟರು ಓದುವುದನ್ನು ಕಲಿಸಿದ್ದರು. ಹೊತ್ತು ಹೊತ್ತಿಗೆ ಪಾದರಸ ನೋಡಿ ಇವಳೇ ಹಲಗೆಯ ಮೇಲಿನ ಹಾಳೆಯಲ್ಲಿ ಬರೆಯುತ್ತಿದ್ದಳು. ಗಂಡ ಉಳಿಯಲಿಲ್ಲ. ಆದರೆ ನರ್ಸಮ್ಮ, "ನಿನ್ನ ಕೈ ನಡುಗಂಗಿಲ್ಲ, ಬಂದ್ರೆ ಹೆರಿಗೆ ಕೆಲ್ಸ ಕಲಿಸ್ತೀನಿ" ಎಂದಿದ್ದರು.

"ಆ ಮನುಷ್ಯ ಒಳ್ಳೇನೇ ಇರಬೌದು ಅಕ್ಕೋರೆ. ಅವನು ಬ್ಯಾಡ ಅಂತಲ್ಲ. ನಂಗೆ ಇದು ಬೇಕು."

ಆ ಸಂಜೆ ಕೊಟ್ರಮ್ಮನ ಮುಂದೆ ಕುಳಿತು ಎಲ್ಲ ಹೇಳಿದೆ, ನನ್ನ ತಪ್ಪನ್ನು ಮೊದಲಿಟ್ಟು. ಅವರು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ನೀವು ಕಲ್ತೋರು, ಕೇಳ್ಲಿಲ್ಲ. ನಾ ಹಡೆದಾಕಿ, ನಾನೂ ಕೇಳ್ಲಿಲ್ಲ. ಯಾರ್ದು ದೊಡ್ಡ ತಪ್ಪು ಹೇಳ್ರಿ?" ಹಿಟ್ಟನ್ನು ಒಂದು ಕಡೆ ಸರಿಸಿದರು. "ಹಾಲೀ, ಬಾ ಇಲ್ಲಿ."

ಮಗಳು ಬಂದು ಬಾಗಿಲಿಗೆ ಒರಗಿದಳು.

"ನಿಂಗೆ ಉಡಿಕೆ ಬೇಕಾ, ಬ್ಯಾಡಾ?"

"ಬ್ಯಾಡವ್ವ."

"ಹರಿಹರದಾಗೆ ಒಬ್ಬಾಕೀನೆ ಇರ್ತೀಯಾ? ಅಳಂಗಿಲ್ಲ?"

"ಅಳ್ತೀನಿ. ಇರ್ತೀನಿ."

"ಆತು," ಎಂದರು ಕೊಟ್ರಮ್ಮ. ಅಷ್ಟೇ. ನಾನು ಕಾಲೇಜಿನಲ್ಲಿ ಕೇಳಿದ ಯಾವ ಭಾಷಣವೂ ಅಷ್ಟು ಚಿಕ್ಕದಾಗಿರಲಿಲ್ಲ.

ಇನ್ನು ರುದ್ರಪ್ಪನ ಎದುರು ಹೋಗಿ ನನ್ನ ಮಾತನ್ನು ನಾನೇ ವಾಪಸು ತೆಗೆದುಕೊಳ್ಳಬೇಕಿತ್ತು. ಓದಿದವಳ ಮಾತೆಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದ. ಶಾಲೆಗೆ ರಜೆಯಿದ್ದ ದಿನ ನಾನು, ಕೊಟ್ರಮ್ಮ ಹದಡಿಗೆ ಹೋದೆವು. ರುದ್ರಪ್ಪ ಹಟ ಹಿಡಿದು ಕೋಣೆ ಬಿಡಿಸಿದರೆ, ಶಾಲೆಗೆ ದೂರು ಹೋದರೆ, ಬಿ.ಎ. ಕಟ್ಟಿಕೊಂಡು ಊರಿಗೆ ಹೋಗಬೇಕಾಗುತ್ತದೆ ಎಂಬ ಭಯ ಇಲ್ಲದಿರಲಿಲ್ಲ. ರುದ್ರಪ್ಪನ ಕಟ್ಟೆಯ ಮೇಲೆ ಇನ್ನೂ ಮೂವರು ಹಿರಿಯರು ಶೇಂಗಾ ಬಿಡಿಸುತ್ತ ಕುಳಿತಿದ್ದರು. ಅವರ ಎದುರೇ ಹೇಳಿದೆ.

"ಅವತ್ತು ನಾನು ಹೇಳಿದ್ದು ತಪ್ಪು ಯಜಮಾನರೇ. ಉಡಿಕೆ ತಪ್ಪಲ್ಲ. ಹಾಲಮ್ಮನನ್ನು ಕೇಳದೆ ಹೇಳಿದ್ದು ತಪ್ಪು. ಈಗ ಕೇಳಿದ್ದೇವೆ. ಅವಳಿಗೆ ಬೇಡವಂತೆ."

"ಓಹೋ," ಎಂದ ರುದ್ರಪ್ಪ. "ಬಿ.ಎ.ದಾಗೆ ಎರಡು ಮಾತು ಕಲಿಸ್ತಾರೇನ್ರಿ?"

ಹಿರಿಯರು ನಕ್ಕರು.

"ಒಂದೇ ಕಲಿಸುತ್ತಾರೆ. ಎರಡನೆಯದು ನಿಮ್ಮ ಸೊಸೆ ಕಲಿಸಿದ್ದು."

ಅವನಿಗೆ ನಗು ಬರಲಿಲ್ಲ. "ಈಗ ಗೊತ್ತಾತು. ನೀವು ಆ ಸ್ತ್ರೀಸ್ವಾತಂತ್ರ್ಯದೋರು. ಹೌದೋ ಅಲ್ಲೋ ಹೇಳ್ರಿ."

ಅದೇ ಪ್ರಶ್ನೆ. ಹಿಂದೆ ಒಂದು ಕೋಣೆಗಾಗಿ ಅಲ್ಲ ಎಂದಿದ್ದೆ. "ಹೌದು," ಎಂದೆ. "ಕಾಲೇಜಿನಲ್ಲೇ ಆಗಿದ್ದೇನೆ ಅಂದುಕೊಂಡಿದ್ದೆ. ಆಗಿರಲಿಲ್ಲ. ಈಗ ಆಗ್ತಾ ಇದ್ದೀನಿ."

ರುದ್ರಪ್ಪ ಅಕ್ಕನ ಕಡೆ ತಿರುಗಿದ. "ನೀನೂನಾ ಅಕ್ಕ?"

"ಹೋಗೋ! ನಾ ಅದ್ಯಾವುದೂ ಅಲ್ಲಪ್ಪ. ನಾ ರೊಟ್ಟಿ ಬಡಿಯೋ ಮುದುಕಿ," ಎಂದರು ಕೊಟ್ರಮ್ಮ, ಬೈದವರ ಹಾಗೆ. "ಆದ್ರೆ ಹುಡುಗಿ ಹರಿಹರಕ್ಕೆ ಹೋಗ್ತಾಳೆ."

"ಮಾತು ಕೊಟ್ಟೀನಿ. ಅವನಿಗೆ ಏನ್ ಹೇಳ್ಲಿ?"

"ಕೇಳಿದ್ವಿ, ಬ್ಯಾಡಂದ್ಲು ಅಂತ ಹೇಳು."

"ಹಂಗಂತ ಯಾರಾದ್ರೂ ಹೇಳ್ತಾರೇನಕ್ಕ?"

"ನೀ ಹೇಳು."

ರುದ್ರಪ್ಪ ಎದ್ದು ಒಳಗೆ ಹೋದ. ನಮಗೆ ನೀರು ಬಂತು, ಬೆಲ್ಲ ಬಂತು, ಅವನು ಬರಲಿಲ್ಲ. ಮುಂದೆ ಒಂದು ತಿಂಗಳು ಆನೆಕೊಂಡದ ಕಡೆ ಮುಖ ಹಾಕಲಿಲ್ಲ. ಆದರೆ ಹಾಲಮ್ಮ ಹೊರಡುವ ಬೆಳಗ್ಗೆ ನೋಡಿದರೆ ಬಾಗಿಲಲ್ಲಿ ಅವನ ಗಾಡಿ ನಿಂತಿತ್ತು. ಯಾರೊಡನೆಯೂ ಮಾತಿಲ್ಲ. ಸೊಸೆಯ ಟ್ರಂಕನ್ನು ಎತ್ತಿಟ್ಟ, ಮೇಲೆ ಒಂದು ಚೀಲ ಶೇಂಗಾ ಇಟ್ಟ. "ಅಲ್ಲಿ ಹೊಳೆ ನೀರು ಥಂಡಿ. ಕಾಸಿ ಕುಡಿ," ಎಂದ. ಹರಿಹರದವರೆಗೂ ಅವನೇ ಗಾಡಿ ಹೊಡೆದ.

ನಾನು ಹರಿಹರಕ್ಕೆ ಹೋದದ್ದು ಆರು ತಿಂಗಳ ಮೇಲೆ. ದಾವಣಗೆರೆ ಹತ್ತಿಯ ಧೂಳಿನ ಊರು. ಹರಿಹರಕ್ಕೆ ಹೊಳೆ ಇದೆ, ಒಂದು ತುದಿಯಲ್ಲಿ ಹಳೆಯ ದೇವಸ್ಥಾನ, ಇನ್ನೊಂದು ತುದಿಯಲ್ಲಿ ಹೊಸ ಯಂತ್ರದ ಕಾರ್ಖಾನೆ. ಹಾಲಮ್ಮ ಆಸ್ಪತ್ರೆಯ ಹಿಂದಿನ ಸಣ್ಣ ಕೋಣೆಯಲ್ಲಿ ಇದ್ದಳು. ತೆಳ್ಳಗಾಗಿದ್ದಳು, ಮಾತು ಹೆಚ್ಚಾಗಿತ್ತು. ಮೊದಲ ತಿಂಗಳು ದಿನಾ ಅತ್ತೆನೆಂದು ನಗುತ್ತ ಹೇಳಿದಳು. ದಾವಣಗೆರೆಗೆ ಬಂದ ಹೊಸದರಲ್ಲಿ ನಾನೂ ಅತ್ತಿದ್ದೆ ಎಂದು ಅವಳಿಗೆ ಆಗ ಮೊದಲ ಸಲ ಹೇಳಿದೆ.

"ಗಂಡ ಸತ್ತಾಕಿ ಕೂಸು ಮುಟ್ಟಿದರೆ ಯಾರೂ ಏನೂ ಅನ್ನುವುದಿಲ್ಲವೇ?" ಎಂದು ಕೇಳಿದೆ.

"ಹಡೆಯೋ ಹೊತ್ತಿಗೆ ಯಾರೂ ಹಣೆ ನೋಡಂಗಿಲ್ಲ ಅಕ್ಕೋರೆ. ಮರುದಿನ ನೋಡ್ತಾರೆ. ನೋಡ್ಲಿ. ಅಷ್ಟೊತ್ತಿಗೆ ನಾ ಇನ್ನೊಬ್ಬಾಕಿ ಹತ್ರ ಇರ್ತೀನಿ."

ಅವಳಿಗೆ ಈಗಲಾದರೂ ಸ್ತ್ರೀಸ್ವಾತಂತ್ರ್ಯದವಳು ಎಂಬ ಆ ಹೆಸರು ಹಿಡಿಸುತ್ತದೆಯೇ ಎಂಬ ಆಸೆ ನನಗೆ. ಕೇಳಿಯೇಬಿಟ್ಟೆ. ಅವಳು ನನ್ನ ಕೈಗೆ ಚಹಾ ಕೊಟ್ಟು, "ಆ ಹೆಸರು ನೀವು ಇಟ್ಕೊಳ್ರಿ, ನಿಮಗೆ ಒಪ್ಪುತೈತೆ. ನಂಗೆ ಕೆಲ್ಸ ಇರ್ಲಿ," ಎಂದಳು. ನನಗೆ ಸ್ವಲ್ಪ ನಿರಾಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಹೆಸರು ಹೊತ್ತ ನಾನು ಕೇಳಲಿಲ್ಲ; ಹೆಸರು ಬೇಡವೆಂದ ಕೊಟ್ರಮ್ಮ ಹಿಟ್ಟಿನ ಕೈಯಲ್ಲೇ ಕೇಳಿದರು. ಹಾಗಿದ್ದರೂ ಅದನ್ನು ನಾನು ಕೆಳಗಿಡುವುದಿಲ್ಲ. ಹದಡಿಯ ಕಟ್ಟೆಯ ಮುಂದೆ ನನ್ನ ಬೆನ್ನು ನೆಟ್ಟಗಿರಿಸಿದ್ದು ಅದೇ.

ಆ ಬೇಸಿಗೆ ಊರಿಗೆ ಹೋದೆ. ಊರವರೆಲ್ಲ ನನ್ನನ್ನು ಕಂಡು 'ದಾವಣಗೆರೆಯವಳು ಬಂದ್ಲು' ಎಂದರು. ದಾವಣಗೆರೆಯಲ್ಲಿ ನಾನು ಇನ್ನೂ ಮೈಸೂರು ಅಕ್ಕೋರೇ. ನಮ್ಮ ಮನೆಯಲ್ಲಿ ಅಪ್ಪನ ತಂಗಿ ಪುಟ್ಟಮ್ಮತ್ತೆ ಇದ್ದಾಳೆ. ಹದಿನಾಲ್ಕಕ್ಕೆ ಗಂಡ ಹೋದ. ಅಲ್ಲಿಂದ ಅಪ್ಪನ ತಿಗರಿಗೆ ಮಣ್ಣು ತುಳಿಯುತ್ತಿರುವವಳು. ಅವಳು ತುಳಿದ ಮಣ್ಣಿನ ಮಡಕೆ ಮಾರಿಯೇ ನಾನು ಓದಿದ್ದು. ಕಾಲೇಜಿನಲ್ಲಿ ವಿಧವೆಯರ ಬಗ್ಗೆ ಎಷ್ಟು ಮಾತಾಡಿದೆ. ಅವಳ ಪಕ್ಕ ಕುಳಿತು ಒಂದು ಮಾತು ಕೇಳಿರಲಿಲ್ಲ.

ಈ ಸಲ ಅವಳು ಮಣ್ಣು ತುಳಿಯುವಾಗ ಹತ್ತಿರ ಹೋಗಿ ನಿಂತೆ. "ಅತ್ತೆ, ನಿನಗೆ ಏನು ಬೇಕು?"

"ಎಲಡಿಕೆ ಅದ, ಬುಡು," ಎಂದಳು.

"ಅದಲ್ಲ. ನಿನಗೆ, ಈ ಬದುಕಿನಲ್ಲಿ, ಏನಾದರೂ ಬೇಕು ಅಂತ ಇದೆಯಾ?"

ತುಳಿಯುವ ಕಾಲು ನಿಂತಿತು. "ಇದೇನ್ ಕೂಸು, ಹಿಂಗ್ ಕೇಳ್ತಿಯ?" ಎಂದಳು. ಮತ್ತೆ ತುಳಿಯತೊಡಗಿದಳು. ರಜೆ ಮುಗಿಯುವವರೆಗೂ ಅದರ ಸುದ್ದಿ ಎತ್ತಲಿಲ್ಲ. ಹಾಲಮ್ಮನ ಹಾಗೆ ಎಲ್ಲರಿಗೂ ಉತ್ತರ ಸಿದ್ಧವಿರುವುದಿಲ್ಲ. ನಲವತ್ತು ವರ್ಷ ಯಾರೂ ಕೇಳದಿದ್ದರೆ ಉತ್ತರ ಎಲ್ಲಿಂದ ಬರಬೇಕು?

ಹೊರಡುವ ದಿನ ಬಸ್ಸಿನವರೆಗೆ ಬಂದಳು. ಕಾಲಿನ ಮಣ್ಣೂ ತೊಳೆದಿರಲಿಲ್ಲ. ನಾನು ಹತ್ತಿ ಕುಳಿತ ಮೇಲೆ ಕಿಟಕಿಯ ಸರಳು ಹಿಡಿದು, ಪಕ್ಕದವರಿಗೆ ಕೇಳಿಸದ ಹಾಗೆ ಹೇಳಿದಳು:

"ನಂಗಿನ್ನೂ ಗೊತ್ತಾಗ್ನಿಲ್ಲ ಕನ ಕೂಸು. ಮುಂದ್ಲ ಸಲ ಬಂದಾಗ ಇನ್ನೊಂದ್ಸಲ ಕೇಳು."

ಹರಿಹರದಿಂದ ಹಾಲಮ್ಮ ಭಾನುವಾರ ಆನೆಕೊಂಡಕ್ಕೆ ಬರುತ್ತೇನೆಂದು ಬರೆದಿದ್ದಳು. ಸೋಮವಾರ ಶಾಲೆ. ಹೋಗಲೇಬೇಕಿತ್ತು, ಹೋಗುವ ಮನಸ್ಸೂ ಇತ್ತು. ಬಸ್ಸು ಹೊರಟಾಗ ಅತ್ತೆ ಸರಳು ಬಿಟ್ಟು ನಾಲ್ಕು ಹೆಜ್ಜೆ ಜೊತೆಗೆ ನಡೆದಳು. ಇಷ್ಟು ದಿನದಲ್ಲಿ ಮೊದಲ ಸಲ ದಾವಣಗೆರೆ ನನಗೆ ತುಂಬ ದೂರವೆನಿಸಿತು.